ಸಿದರಾಯ ಫೋನು ಆರಿಸಿದ್ದು

ಟಗರು ಆರಿಸುವುದರಲ್ಲಿ ಅನಗವಾಡಿಯ ಸಿದರಾಯನನ್ನು ಮೀರಿಸುವವರು ಸುತ್ತ ಹತ್ತೂರಲ್ಲಿ ಇಲ್ಲ. ಹಾಗೆಂದು ಸ್ವತಃ ಸಿದರಾಯನೇ ಹೇಳುತ್ತಿದ್ದ! ತುಟಿ ಎತ್ತಿ ಹಲ್ಲು ನೋಡಿದರೆ ವಯಸ್ಸು ಗೊತ್ತು, ಬೆನ್ನ ಮೇಲೆ ಕೈ ಒತ್ತಿದರೆ ಮೈಕಟ್ಟು ಗೊತ್ತು. ಅಂಥ ಮಹಾಪುರುಷನಿಗೆ ಫೋನು ಆರಿಸುವುದು ಯಾವ ದೊಡ್ಡ ಮಾತು?

"ನಾಕ ಕಾಲಿಂದು ಆರಿಸಿ ತರಾವ ನಾ. ಕಾಲ ಇಲ್ಲದ್ದು ತರಾಕ ಬರೂದಿಲ್ಲೇನು?" ಎಂದು ಹೆಂಡತಿ ಮಾಯವ್ವನ ಮುಂದೆ ಎದೆ ತಟ್ಟಿಕೊಂಡ.

ಪಾಪ, ಮಾಯವ್ವನಿಗೆ ಆಸೆಯಿದ್ದದ್ದು ಫೋನಿನ ಮೇಲಲ್ಲ, ಮೊಮ್ಮಗುವಿನ ಮೇಲೆ. ಸೊಸೆ ಪೂನಮ್ ಚೊಚ್ಚಲ ಹೆರಿಗೆಗೆ ಬನಹಟ್ಟಿಯ ತವರಿಗೆ ಹೋಗಿದ್ದಳು. ಮಗ ಭೀಮಶಿಯೂ ಅಲ್ಲೇ ಬೀಡುಬಿಟ್ಟಿದ್ದ. ಗಂಡಿನ ಮನೆಯವರು ಕೂಸಿನ ಮುಖ ನೋಡಲು ಹೋಗುವುದು ತೊಟ್ಟಿಲಿಗೆ ಹಾಕುವ ದಿನವೇ. ಅದು ಅವರ ಮನೆತನದ ಪದ್ಧತಿ. ಅಲ್ಲಿಯವರೆಗೆ ಕಾಯುವುದು ಮಾಯವ್ವನ ಕೈಲಾಗದ ಕೆಲಸ. "ಹುಟ್ಟಿದ ಕೂಡ್ಲೇ ಫೋಟೋ ಕಳಸ್ತೇನಿ" ಎಂದು ಮಗ ಮಾತು ಕೊಟ್ಟಿದ್ದ. ಆದರೆ ಮನೆಯಲ್ಲಿದ್ದ ಗುಂಡಿ ಫೋನಿನಲ್ಲಿ ಫೋಟೋ ಎಲ್ಲಿ ನೋಡುವುದು?

"ತುಟ್ಟೀದೂ ಬ್ಯಾಡ, ಸೋವೀದೂ ಬ್ಯಾಡ್ರಿ, ನಡುಮಟ್ಟದ್ದು ತರ್ರಿ. ಬೆರಳ ಹಚ್ಚಿದ್ರ ತೆರೀತೈತೆಲ್ಲ, ಅಂಥಾದ್ದು" ಎಂದಳು.

ಅವತ್ತು ಅಮಾವಾಸ್ಯೆ. ಸಿದರಾಯ ಬೀರಪ್ಪನ ಗುಡಿಗೆ ಹೋಗಿ, ದೇವರ ಭಂಡಾರವನ್ನು ಹಣೆಯಿಂದ ಗದ್ದದವರೆಗೆ ಬಳಿದುಕೊಂಡು, ಅದೇ ಅರಿಷಿಣದ ಮುಖದಲ್ಲಿ ಬೀಳಗಿಯ ಬಸ್ಸು ಹತ್ತಿದ.

ಮೊಬೈಲ್ ಅಂಗಡಿಯ ಅಜಯ ಒಂದು ಫೋನು ತೆಗೆದು ಮುಂದಿಟ್ಟ. ಸಿದರಾಯ ಅದನ್ನು ಕೈಯಲ್ಲಿ ತೂಗಿದ, ಬೆನ್ನು ಬಡಿದ, ಚಾರ್ಜರಿನ ತೂತಿನಲ್ಲಿ ಹಲ್ಲು ಹುಡುಕುವವನಂತೆ ಇಣುಕಿದ.

"ಗುಣಾ ಹೇಳು."

"ಬ್ಯಾಟರಿ ಎರಡ ದಿನಾ ಬರ್ತೈತ್ರಿ ಕಾಕಾ. ಕ್ಯಾಮೆರಾ ಛಲೋ. ಬಿಸಲಾಗೂ ಸ್ಕ್ರೀನ್ ಕಾಣ್ತೈತಿ. ಆವಾಜ ಅಂತೂ ಆಚೀ ಹೊಲಕ್ಕ ಕೇಳಸ್ತೈತಿ."

"ಐಬು?"

ಅಂಗಡಿ ತೆರೆದಂದಿನಿಂದ ಯಾವ ಗಿರಾಕಿಯೂ ಅಜಯನಿಗೆ ಈ ಪ್ರಶ್ನೆ ಕೇಳಿರಲಿಲ್ಲ. ತಲೆ ಕೆರೆದುಕೊಂಡು ನಿಜವನ್ನೇ ಹೇಳಿಬಿಟ್ಟ.

"ಭಾಳ ಹೊತ್ತು ವಿಡಿಯೋ ನೋಡಿದ್ರ ಬಿಸಿ ಆಗ್ತೈತ್ರಿ. ಕತ್ತಲದಾಗ ಫೋಟೋ ಅಷ್ಟಕ್ಕಷ್ಟ. ಮತ್ತ ಮಾರಿ ಗುರುತು ಹಿಡಿಯೂದ್ರಾಗ ಸ್ವಲ್ಪ ಕಚ್ಚಾ. ಬೆರಳ ಹಚ್ಚಿ ತೆರಿಯೂದ ಭರೋಸಾ."

"ಬೆರಳಾ? ನೂರು ಕುರಿ ಇದ್ರೂ ಮಾರಿ ನೋಡಿ ಒಂದೊಂದ ಗುರುತು ಹಿಡಿತೇನಿ ನಾ. ಇದಕ್ಕ ನನ್ನೊಬ್ಬನ ಮಾರಿ ಹಿಡಿಯಾಕ ಆಗೂದಿಲ್ಲೇನು? ಮಾರೀನ ಇಡು!"

"ಹಂಗಾದ್ರ ಸ್ವಲ್ಪ ಭಂಡಾರ ಒರಿಸ್ಕೋರಿ ಕಾಕಾ."

"ದೇವರ ಭಂಡಾರ ಒರಿಸ್ಕೊ ಅಂತೀಯಲ್ಲಲೇ! ತಲಿ ನೆಟ್ಟಗೈತಿಲ್ಲೋ?"

ಅಜಯ ಫೋನನ್ನು ಸಿದರಾಯನ ಮುಖಕ್ಕೆ ಹಿಡಿದ. ಫೋನು ಆ ಹಳದಿ ಮುಖವನ್ನೇ ತನ್ನ ಯಜಮಾನನೆಂದು ಒಪ್ಪಿಕೊಂಡಿತು. ಜೊತೆಗೊಂದು ಗುಟ್ಟಿನ ನಂಬರೂ ಇರಬೇಕಂತೆ. "ಯಾವದರೆ ನೀನ ಹಾಕು" ಎಂದ ಸಿದರಾಯ. ಅಜಯ ಹಾಕಿ, ಎರಡು ಸಲ ಹೇಳಿದ. ಬಸ್ಸು ಬಂತೆಂಬ ಗಡಿಬಿಡಿಯಲ್ಲಿ ಎರಡು ಸಲವೂ ಸಿದರಾಯನ ಕಿವಿಗೆ ಬೀಳಲಿಲ್ಲ.

ಆ ಸಂಜೆ ಫೋನಿನ ವಿನಯವೇನು, ವಿಧೇಯತೆಯೇನು! ಮುಖ ತೋರಿಸಿದರೆ ಸಾಕು, ತಟ್ಟನೆ ತೆರೆಯುತ್ತಿತ್ತು. ಸಿದರಾಯ ಓಣಿಯಲ್ಲಿ ಮನೆಮನೆಗೂ ಹೋಗಿ ತೆರೆದು ತೋರಿಸಿ ಬಂದ.

ಮರುದಿನ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಬರುವಷ್ಟರಲ್ಲಿ ಫೋನು ಟಿಣ್ ಎಂದಿತು. ಭೀಮಶಿ ಫೋಟೋ ಕಳಿಸಿದ್ದಾನೆಂದು ಹೊರಗೇ ಕಾಣುತ್ತಿತ್ತು. ಮಾಯವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಸಿದರಾಯ ಮುಖ ತೋರಿಸಿದ. ತೆರೆಯಲಿಲ್ಲ. ಮೀಸೆ ತಿರುವಿ ತೋರಿಸಿದ. ಇಲ್ಲ. ತಲೆಗೆ ಪಟಗಾ ಸುತ್ತಿಕೊಂಡು, "ಲೇ, ನಾ ಸಿದರಾಯ!" ಎಂದು ಗದರಿದ. ಫೋನು ಕಿಂಚಿತ್ತೂ ಹೆದರದೆ ನಂಬರು ಕೇಳಿತು. ಹಳೆಯ ಗುಂಡಿ ಫೋನಿನ ಸಿಮ್ಮೂ ಇದರೊಳಗೇ; ಮಗನಿಗೆ ಫೋನ್ ಹಚ್ಚೋಣವೆಂದರೆ ಮೊದಲು ಇದನ್ನೇ ತೆರೆಯಬೇಕು. ಅಜಯನನ್ನು ಕೇಳೋಣವೆಂದರೆ ಅವನ ನಂಬರೂ ಅದರ ಹೊಟ್ಟೆಯೊಳಗೇ!

"ಗಂಡೋ ಹೆಣ್ಣೋ ಅಷ್ಟರೆ ನೋಡ್ರಿ! ಹಡದಾಕಿ ಹೆಂಗದಾಳೋ ಏನೋ!" ಮಾಯವ್ವನ ಕಣ್ಣು ತುಂಬಿ ಬಂತು. ಸಿದರಾಯ ಫೋನನ್ನು ಅಂಗಿಗೆ ಒರೆಸಿ ಮತ್ತೆ ಮುಖಕ್ಕೆ ಹಿಡಿದ. ತಾನೇ ಆರಿಸಿ ತಂದ ಫೋನು, ಯಾರನ್ನು ಬೈಯುವುದು?

ಮಾಯವ್ವ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿನ್ನೆ ಅಂಗಡಿಗೆ ಭಂಡಾರ ಬಡಕೊಂಡ ಹೋಗಿದ್ರೇನ್ರಿ?"

ಸಿದರಾಯ ಅಡುಗೆಮನೆಗೆ ನುಗ್ಗಿ, ಮಸಾಲೆ ಡಬ್ಬಿಗೆ ಕೈ ಹಾಕಿ, ಸಿಕ್ಕಷ್ಟು ಅರಿಷಿಣವನ್ನು ಮುಖಕ್ಕೆ ಬಳಿದುಕೊಂಡ. ಪಕ್ಕದ ಬಟ್ಟಲಿನ ಖಾರದಪುಡಿಯೂ ಕೈಗೆ ಹತ್ತಿಕೊಂಡು ಬಂದದ್ದು ಕಣ್ಣಿಗೆ ಬಿದ್ದ ಮೇಲೆಯೇ ತಿಳಿದದ್ದು!

"ಅಯ್ಯಯ್ಯಪ್ಪೋ, ಸತ್ತೆ!"

ಫೋನು ಕೈಜಾರಿ ಹೊರಸು ಮಂಚದ ಮೇಲೆ ಬಿತ್ತು. ಸಿದರಾಯ ಕಣ್ಣು ಮುಚ್ಚಿಕೊಂಡು ಪಡಸಾಲೆಯ ತುಂಬ ಕುಣಿಯತೊಡಗಿದ. ಗುಡಿಯಿಂದ ಬರುತ್ತಿದ್ದ ತಮ್ಮ ಮಾಳಿಂಗರಾಯ ಆ ಗದ್ದಲ ಕೇಳಿ ನೇರ ಒಳಗೆ ಬಂದ. ಪೂಜೆಯ ಪಾಳಿ ಅವನದು, ಮುಖ ತುಂಬ ಭಂಡಾರ. ಮೂಗು, ಮೀಸೆ ಎರಡೂ ಅಣ್ಣನದೇ ಅಚ್ಚು.

"ಯಾಕ ವೈನಿ, ಅಣ್ಣಗೇನಾತು? ಈ ಫೋನಿಗೇನಾಗೇತಿ?" ಎಂದು ಅದನ್ನೆತ್ತಿ ಬಗ್ಗಿ ನೋಡಿದ.

ಫೋನು ತಟ್ಟನೆ ತೆರೆಯಿತು!

"ಏನೂ ಆಗಿಲ್ಲಲ್ಲ, ಛಲೋನ ಐತಿ" ಎಂದ ಮಾಳಿಂಗರಾಯ. ಸಿದರಾಯ ಕುಣಿಯುವುದನ್ನೂ ಮರೆತು ನಿಂತುಬಿಟ್ಟ.

ಫೋಟೋದಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡ ಕೆಂಪನೆಯ ಕೂಸು ಆಕಳಿಸುತ್ತಿತ್ತು. ಕೆಳಗೆ ಭೀಮಶಿ ಬರೆದಿದ್ದ: 'ಹೆಣ್ಣ ಹುಟ್ಟೇತಿ. ಇಬ್ರೂ ಆರಾಮ ಅದಾರ.' ಮಾಯವ್ವ ಅಳುತ್ತ ನಗುತ್ತ ಫೋನಿಗೇ ದೃಷ್ಟಿ ತೆಗೆದಳು. ಸಿದರಾಯ ತಣ್ಣೀರು ಎರಚಿಕೊಂಡು, ಒಂದು ಕಣ್ಣನ್ನು ಹೇಗೋ ಅರ್ಧ ತೆರೆದು ನೋಡಿದ. ನೋಡಿದ್ದೇ ತಡ, ಕಳೆದುಹೋಗಿದ್ದ ಗತ್ತೆಲ್ಲ ತಿರುಗಿ ಬಂತು.

"ನೋಡ್ರಲೇ ಆ ಮೂಗು, ಆ ಹಣಿ! ನೋಡಿದ ಕೂಡ್ಲೇ ಗುರುತು ಹಿಡದ್ನಿ ನಾ. ನಮ್ಮ ಕೂಸು ಥೇಟ್ ನನ್ನ ಮಾರೀನ ಹೊತ್ತ ಬಂದೈತಿ!"

ಮಾಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು:

"ಯಾವ ಮಾರೀರಿ? ನಿನ್ನೇದೋ, ಇವತ್ತಿಂದೋ?"