ಕಾಲ್ಬೆರಳಿಗೆ ನೂಲು, ಗಾಳಕ್ಕೆ ನೊಣ

ಬೇಡದ ಜಾಗದಲ್ಲಿ ತಲೆಯಾಡಿಸುವ ಚಾಳಿ ಇದ್ದವರು ಫಜೀತಿ ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಮನೆ ಬಾಗಿಲಿಗೆ ಬರುತ್ತದೆ. ದುಬೈಯಲ್ಲಿದ್ದಷ್ಟು ವರ್ಷ ನನ್ನ ಮನೆಗಂತೂ ತಪ್ಪದೆ ಬರುತ್ತಿತ್ತು.

೧. ಯಾವ ಊರಿನ ಹುಳ?

ತೊಂಬತ್ತರ ದಶಕದ ಕೊನೆ. ನಮ್ಮ ಆಫೀಸಿನ ಇಂಗ್ಲಿಷ್ ಸಾಹೇಬರಿಗೆ ಮೀನು ಹಿಡಿಯುವ ಹುಚ್ಚು. ಶುಕ್ರವಾರ ಬಂದರೆ ಅಬುಧಾಬಿ ದಾರಿಯಲ್ಲಿದ್ದ ಗೆಳೆಯರ ಖರ್ಜೂರದ ತೋಟಕ್ಕೆ ಹೋಗಿ, ಅಲ್ಲಿನ ನೀರಿನ ಹೊಂಡದಲ್ಲಿ ಅಂಗೈಯಗಲದ ಜಿಲೇಬಿ ಮೀನು ಹಿಡಿದು, ಮತ್ತೆ ನೀರಿಗೇ ಬಿಡುತ್ತಿದ್ದರು. ಗಾಳಕ್ಕೆ ಎರೆಹುಳ ಹಾಕುವವರಲ್ಲ. ಕೊಕ್ಕೆಗೆ ಪುಕ್ಕ, ನೂಲು ಸುತ್ತಿ ನೊಣದ ಹಾಗೆ ಕಾಣುವಂತೆ ತಾವೇ ಕಟ್ಟುತ್ತಿದ್ದರು.

"ನೀನೂ ಕಲಿಯುತ್ತೀಯಾ?" ಎಂದರು. ಮೀನಿನ ವಾಸನೆಗೇ ಮೂಗು ಮುಚ್ಚುವ ಮೈಸೂರಿನವನು ನಾನು. ಆದರೂ ತಲೆಯಾಡಿಸಿದೆ. ಬಡ್ತಿ ಸಿಗುವುದು ತಲೆಯಾಡಿಸುವವರಿಗೇ ಎಂಬ ನಂಬಿಕೆ.

ಅವರು ಕೊಟ್ಟ ಕೊಕ್ಕೆ ಹಿಡಿಯುವ ಪುಟ್ಟ ಇಕ್ಕಳವನ್ನು ಊಟದ ಮೇಜಿಗೆ ಸಿಕ್ಕಿಸಿ, ಮೂರು ಸಂಜೆ ಹೆಣಗಿ ಒಂದು ನೊಣ ಕಟ್ಟಿದೆ. ಸಾಹೇಬರು ಕನ್ನಡಕ ಏರಿಸಿ ನೋಡಿದರು.

"ಇದು ಯಾವ ಹುಳ?"

"ನಮ್ಮ ಮೈಸೂರಿನ ಕಡೆಯದು ಸಾರ್."

"ಓಹೋ. ಸತ್ತು ಎಷ್ಟು ದಿನವಾಯಿತು?"

೨. ಪುಕ್ಕ ಮಾತ್ರ

ಪುಕ್ಕ ಸರಿಯಿಲ್ಲದ್ದೇ ತಪ್ಪು ಎಂದುಕೊಂಡೆ. ಅಲ್ ಮುರಕ್ಕಬಾತಿನ ನಮ್ಮ ಫ್ಲಾಟಿನ ಹಿಂದೆಯೇ ಕೋಳಿ ಅಂಗಡಿ.

"ಎಷ್ಟು ಕಿಲೋ?" ಎಂದ ಅಂಗಡಿಯವ.

"ಕೋಳಿ ಬೇಡ. ಪುಕ್ಕ ಮಾತ್ರ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಚೀಲ ತುಂಬಿಸಿ, "ಖಲಾಸ್, ಹೋಗಿ" ಎಂದು ಸಾಗಹಾಕಿದ. ಹೊರಗೆ ಬರುವಾಗ ಪಕ್ಕದ ಮನೆಯಾಕೆ ನೋಡಿದರು. ನಾನು ಲಿಫ್ಟ್ ಹತ್ತುವ ಮೊದಲೇ ಸುದ್ದಿ ಮನೆ ಸೇರಿತ್ತು. ನನ್ನ ಹೆಂಡತಿ ಉಡುಪಿಯವಳು. ಅವಳ ಅಡುಗೆಮನೆಗೆ ಈರುಳ್ಳಿಯೂ ಅಪ್ಪಣೆ ಕೇಳಿಯೇ ಬರಬೇಕು.

"ಕೋಳಿ ಅಂಗಡಿಗೆ ಹೋಗಿದ್ರಂತೆ?"

"ಪುಕ್ಕ ತರೋಕೆ ಕಣೇ. ಬೇಕಾದ್ರೆ ನೋಡು."

ಚೀಲದೊಳಗೆ ಇಣುಕಿದಳು. "ಪುಕ್ಕ ಇಲ್ಲಿ ಉಂಟು. ಕೋಳಿ ಎಲ್ಲಿ ತಿಂದು ಬಂದ್ರಿ?"

೩. ಮಲ್ಲಿಗೆಯ ಗಂಟು

ನಾನು ಕಟ್ಟಿದ ಪುಕ್ಕವೆಲ್ಲ ಜಾರಿ ಬೀಳುತ್ತಿತ್ತು. ಅವಳಿಗೆ ನೋಡಿ ನೋಡಿ ತಡೆಯಲಾಗಲಿಲ್ಲ.

"ಎಂತ ಮಾರಾಯ್ರೆ, ಇಷ್ಟು ಹೊತ್ತಲ್ಲಿ ಒಂದು ಚೆಂಡು ಮಲ್ಲಿಗೆ ಕಟ್ಬಹುದಿತ್ತು. ಕೊಡಿ ಇಲ್ಲಿ."

ನೆಲದಲ್ಲಿ ಕೂತು, ಹೂ ಕಟ್ಟುವವರ ಹಾಗೆ ಕಾಲಿನ ಹೆಬ್ಬೆರಳಿಗೆ ನೂಲು ಸಿಕ್ಕಿಸಿ ಎಳೆದು ಹಿಡಿದಳು. ಎರಡು ಸುತ್ತು, ಒಂದು ಗಂಟು. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ನಾಲ್ಕು ನೊಣ ತಯಾರು.

ಆ ಶುಕ್ರವಾರ ಸಾಹೇಬರ ಜೊತೆ ತೋಟಕ್ಕೆ ಹೋದೆ. ನನಗೆ ಆರು ಮೀನು, ಅವರಿಗೆ ಸೊನ್ನೆ. "ನೀನೇ ಕಟ್ಟಿದ್ದಾ?" ಎಂದರು. ಹಾಳಾದ ತಲೆ ಆಡಿಯೇಬಿಟ್ಟಿತು.

"ಮುಂದಿನ ಶುಕ್ರವಾರ ಮನೆಗೆ ಬರುತ್ತೇನೆ. ಕಟ್ಟಿ ತೋರಿಸು."

ನನ್ನ ಬಡ್ತಿಯ ಕಾಗದ ಆಗ ಅವರ ಮೇಜಿನ ಮೇಲಿತ್ತು. ಮೀನಿನ ವಿಷಯದಲ್ಲಿ ಸುಳ್ಳಾಡುವವನನ್ನು ಯಾವುದರಲ್ಲೂ ನಂಬಬಾರದು ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ನಿಜವಾಗಿಯೂ ಹೆದರಿದೆ. ಮನೆಗೆ ಬಂದವನೇ ಹೆಂಡತಿಯ ಮುಂದೆ ಕೈ ಮುಗಿದೆ.

"ಕೈ ಮುಗಿಯುವುದು ಬೇಡ," ಎಂದಳು. "ಕಾಲು ಚಾಚಿ."

೪. ಸಾಹೇಬರ ಕಾಲುಚೀಲ

ವಾರವಿಡೀ ಕಲಿತದ್ದಕ್ಕೆ ಹೆಬ್ಬೆರಳು ಊದಿಕೊಂಡಿತು, ಅಷ್ಟೇ. ಸಾಹೇಬರು ಬಂದು ಸೋಫಾದಲ್ಲಿ ಕೂತರು. ನಾನು ನೆಲದಲ್ಲಿ ಕೂತೆ. ಮೊದಲ ನೂಲು ತುಂಡಾಯಿತು. ಎರಡನೆಯ ಕೊಕ್ಕೆ ನನ್ನ ಪ್ಯಾಂಟನ್ನೇ ಹಿಡಿಯಿತು. ಎಸಿಯಲ್ಲೂ ಬೆವರು.

ಕಾಫಿ ತಂದ ಹೆಂಡತಿ ತಟ್ಟೆ ಕೆಳಗಿಟ್ಟು, ನನ್ನ ಕೈಯಿಂದ ನೂಲು ಕಿತ್ತುಕೊಂಡು, ಎರಡು ನೊಣ ಕಟ್ಟಿಯೇಬಿಟ್ಟಳು. ಸಾಹೇಬರು ಅವಳ ಕೈ ನೋಡಿದರು, ಕಾಲ್ಬೆರಳು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬಡ್ತಿಗೆ ಎಳ್ಳುನೀರು ಬಿಟ್ಟೆ.

"ನಿಮಗೆ ಇದನ್ನು ಕಲಿಸಿದ್ದು ಯಾರು?"

ಅವಳು ತಲೆ ತಗ್ಗಿಸಿ, ಮದುವಣಗಿತ್ತಿಯ ನಾಚಿಕೆಯಲ್ಲಿ ಹೇಳಿದಳು: "ಇವರೇ ಸಾರ್. ದಿನಾ ಸಂಜೆ ನನಗೆ ಮಲ್ಲಿಗೆ ಕಟ್ಟಿ ಕೊಡುವುದು ಇವರೇ. ಇವತ್ತು ನಿಮ್ಮೆದುರು ಕೈ ನಡುಗ್ತಾ ಉಂಟು."

ಸಾಹೇಬರು ಕರಗಿ ನೀರಾದರು. ಇಂಥ ಗಂಡನನ್ನು ನೋಡಿಯೇ ಇಲ್ಲ ಎಂದರು. ಬಲಗಾಲಿನ ಕಾಲುಚೀಲ ಕಳಚಿ ನೆಲಕ್ಕಿಳಿದು, ನೂಲು ಸಿಕ್ಕಿಸಿಕೊಂಡು ಎರಡು ಗಂಟೆ ಕೂತರು. ಬಡ್ತಿ ಖಂಡಿತ ಎಂದು ಹೇಳಿ, ಕಾಲುಚೀಲ ಜೇಬಿನಲ್ಲಿಟ್ಟುಕೊಂಡು ಹೋದರು.

ಬಾಗಿಲು ಹಾಕಿದ ಮೇಲೆ ನನಗೆ ಕಣ್ಣೇ ತುಂಬಿ ಬಂತು. "ಮಾನ ಉಳಿಸಿದೆ ಕಣೇ," ಎಂದೆ.

ಅವಳು ಒಳಗೆ ಹೋಗಿ, ಫ್ರಿಜ್ಜಿನಿಂದ ಒಂದು ಪೊಟ್ಟಣ ಮಲ್ಲಿಗೆ ಮೊಗ್ಗು ತಂದು ನನ್ನ ಮುಂದೆ ಸುರಿದಳು.

"ನಾನು ಸುಳ್ಳು ಹೇಳುವ ಜನ ಅಲ್ಲ. ಇವತ್ತಿಂದಲೇ ಕಟ್ಲಿಕ್ಕೆ ಶುರು ಮಾಡಿ."