ಕದ್ದು ಮಿಂದ ಬಾಣಂತಿ

ತಲೆಗೆ ನೀರು ಬೀಳದೆ ಇನ್ನೊಂದು ದಿನವೂ ಇರಲಾರೆ ಎಂದು ಮಾನ್‌ಚಿಂಗ್ ಘೋಷಿಸಿದಳು! ಕೇಳಿಸಿಕೊಂಡದ್ದು ತೊಟ್ಟಿಲ ಕೂಸು ಮಾತ್ರ. ವ್ಯಾಂಕೂವರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವಳು ಚೀನೀಯರ ಕಟ್ಟಳೆಯೆಂದು ಬಾಣಂತನ ಮುಗಿಯುವವರೆಗೆ ಜಿಡ್ಡುಗಟ್ಟಿದ ತಲೆ ಹೊತ್ತು ಕೂರುವುದೆ? ಇಂದು ವಿಜ್ಞಾನಕ್ಕೇ ಜಯ!

ಆದರೆ ಬಾಣಂತನ ಮಾಡಲೆಂದೇ ಗುವಾಂಗ್‌ಝೌನಿಂದ ಬಂದಿದ್ದ ಅತ್ತೆ ನಿನ್ನೆಯಷ್ಟೇ ಗುಡುಗಿದ್ದರು: "ತಲೆಗೆ ನೀರು ಸೋಕಿಸು, ಮೈಗೆ ಗಾಳಿ ಸೋಕಿಸು, ಆಮೇಲೆ ನೋಡು, ಮುಂದಿನ ವಿಮಾನಕ್ಕೇ ನಾನು ಊರಿಗೆ!" ಅವರು ಹೊರಟುಬಿಟ್ಟರೆ? ಮಗು ಬಿಕ್ಕಳಿಸಿದರೂ ಮಾನ್‌ಚಿಂಗ್‌ಗೆ ಕೈಕಾಲು ಆಡುವುದಿಲ್ಲ. ಹಾಗಾಗಿ ಕ್ರಾಂತಿ ಗುಟ್ಟಾಗಿಯೇ ನಡೆಯಬೇಕಿತ್ತು.

ಅತ್ತೆ ಮೊಟ್ಟೆ ತರಲು ಹೊರಟರು. ಒಲೆಯ ಮೇಲೆ ಬಾಣಂತಿಗೆಂದೇ ಕಪ್ಪು ವಿನೆಗರ್‌ನಲ್ಲಿ ಶುಂಠಿ, ಹಂದಿಕಾಲು ಕುದಿಯುತ್ತಿದ್ದವು.

"ರಸ ಇಂಗಿದ ತಕ್ಷಣ ಆರಿಸೇ."

"ಆಯ್ತಮ್ಮ!"

ಬಾಗಿಲು ಮುಚ್ಚಿದ್ದೇ ತಡ, ತಲೆಯ ಮೇಲೆ ಬಿಸಿನೀರು. ಆಹಾ! ಎರಡೆರಡು ಸಲ ಶಾಂಪೂ! ಆಮೇಲೆ ಡ್ರೈಯರ್ ಗುಂಯ್ ಅನ್ನುತ್ತಿತ್ತು, ಅತ್ತ ಹಂದಿಕಾಲು ಇದ್ದಿಲಾಗುತ್ತಿತ್ತು. ಹೊಗೆ ಹೊರಗಿನ ಓಣಿಗೂ ನುಗ್ಗಿ ಇಡೀ ಕಟ್ಟಡದ ಬೆಂಕಿ ಎಚ್ಚರಿಕೆಯ ಗಂಟೆ ಬೊಬ್ಬೆ ಹಾಕಿತು.

ಒಲೆ ಆರಿಸಿ, ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೆಳಗೆ ಓಡಿದಳು. ಜನವರಿಯ ಬೀದಿಯಲ್ಲಿ ನೆರೆಹೊರೆಯವರೆಲ್ಲ ನೆರೆದಿದ್ದರು. ನಡುವೆ ಒದ್ದೆ ತಲೆ, ಬರಿಗಾಲು, ಸುಯ್ಯೆನ್ನುವ ಗಾಳಿ. ಎಲ್ಲ ಕಟ್ಟಳೆಗಳನ್ನೂ ಒಂದೇ ಏಟಿಗೆ ಮುರಿದ ವೀರಬಾಣಂತಿ! ಎದುರಿಗೇ ಅತ್ತೆ!

ಮೊಟ್ಟೆಯ ಚೀಲ ಕೈಜಾರಿತು. ಅತ್ತೆ ಬೈಯಲಿಲ್ಲ. ಮಾನ್‌ಚಿಂಗ್‌ಗೆ ಹೆದರಿಕೆಯಾದದ್ದೇ ಅದಕ್ಕೆ! ತಮ್ಮ ಟೋಪಿ ಅವಳ ತಲೆಗೆ, ಕೋಟು ಮೈಗೆ, ಕೊನೆಗೆ ಕಾಲ್ಚೀಲವನ್ನೂ ಬಿಚ್ಚಿ ಅವಳ ಕಾಲಿಗೆ ತೊಡಿಸಿ, ತಾವು ಗಡಗಡ ನಡುಗುತ್ತಾ ನಿಂತರು.

ಅಗ್ನಿಶಾಮಕದವನು ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದ.

"ಏನಂತೆ?" ಅತ್ತೆ ಕೇಳಿದರು.

"ಒಲೆ ಮರೆತವರು ಯಾರಂತೆ." ಮಾನ್‌ಚಿಂಗ್‌ಳ ದನಿ ಉಡುಗಿತ್ತು.

"ನಾನು ಅನ್ನು. ಮುದುಕಿಗೆ ಅರಳುಮರಳು ಅನ್ನು. ಹಸಿ ಬಾಣಂತಿ ಬೀದೀಲಿ ಬೈಸಿಕೋಬಾರದು."

ಮಾನ್‌ಚಿಂಗ್ ಅವನತ್ತ ತಿರುಗಿದಳು. ಬಾಯಿಂದ ಹೊರಟ ಇಂಗ್ಲಿಷು ಮಾತ್ರ "ನಾನೇ" ಅಂದುಬಿಟ್ಟಿತು. ಅವನು ಅವಳತ್ತ ಬೆರಳಾಡಿಸುತ್ತಾ ದೊಡ್ಡ ಉಪದೇಶವನ್ನೇ ಮಾಡಿ ಹೋದ.

"ಅಷ್ಟುದ್ದ ಏನು ಹೇಳಿದ?"

"ನಿಮ್ಮಂಥ ಅತ್ತೆ ಸಿಕ್ಕಿದ್ದು ನನ್ನ ಪುಣ್ಯವಂತೆ, ಅಮ್ಮ."

"ಅದನ್ನ ಹುಬ್ಬು ಗಂಟಿಕ್ಕಿಕೊಂಡು ಹೇಳಿದನಾ? ಒಲೆ ಆರಿಸೋಕೆ ಬರಲ್ಲ, ಸುಳ್ಳು ಹೇಳೋಕೂ ಬರಲ್ಲ!" ಅತ್ತೆ ಮಗುವನ್ನು ಎತ್ತಿಕೊಂಡು, ಇನ್ನೊಂದು ಕೈಯಿಂದ ಸೊಸೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದರು. "ನಡಿಯೇ ಒಳಗೆ. ಒಂದು ಕೂಸು ನೋಡಿಕೊಳ್ಳೋಕೆ ಅಂತ ಬಂದೆ, ಇಲ್ಲಿ ನೋಡಿದರೆ ಎರಡಿವೆ!"