ಮರಕ್ಕಡವಿನಲ್ಲಿ ಇಲ್ಲದ ಫೈಲ್

ಕಂಪ್ಯೂಟರ್ ಕೆಲಸದಲ್ಲಿ ಇರುವವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ ಎಂದು ಎಲ್ಲರೂ ನನಗೆ ಸಮಾಧಾನ ಹೇಳುತ್ತಾರೆ. ಆಗಾಗ ಆಗುವುದಾದರೆ ನಾನೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನನಗೆ ಬೇರೇನೂ ಆಗುವುದೇ ಇಲ್ಲ ಎಂಬುದು ತೊಂದರೆ.

ನಾನು ಇದುವರೆಗೆ ರಜೆ ಅರ್ಜಿ ಬಿಟ್ಟರೆ ಏನನ್ನೂ ಬರೆದವಳಲ್ಲ. ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಹೇಳಿಬಿಡುತ್ತೇನೆ. ಸುಲ್ತಾನ್ ಬತ್ತೇರಿಯ ಒಂದು ಹಾಲು ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನೊಬ್ಬಳೇ. ಸಂಘಕ್ಕೆ ಅಲ್ಲಲ್ಲಿ ಹಾಲು ಸಂಗ್ರಹಿಸುವ ಕೇಂದ್ರಗಳಿವೆ. ಅವುಗಳಲ್ಲಿ ಕೊನೆಯದು ಕಬಿನಿ ದಡದ ಮರಕ್ಕಡವು. ಹೊಳೆಯ ಆಚೆ ದಡ ಕರ್ನಾಟಕ. ಪ್ರತಿ ಕೇಂದ್ರವೂ ದಿನಾ ಬೆಳಿಗ್ಗೆ ಎಷ್ಟು ಕ್ಯಾನ್ ಹಾಲು ಇದೆ ಎಂದು ಕಂಪ್ಯೂಟರಿನಿಂದ ಸಂದೇಶ ಕಳಿಸಬೇಕು, ಅದು ಬತ್ತೇರಿಯ ವ್ಯಾನ್ ಶೆಡ್ಡಿನ ಪ್ರಿಂಟರಿನಲ್ಲಿ ಚೀಟಿಯಾಗಿ ಹೊರಬರಬೇಕು ಎಂದು ಸಂಘದ ಸಮಿತಿ ನಿಯಮ ಮಾಡಿತು. ಯಾವ ಕೇಂದ್ರಕ್ಕೆ ಇದು ಆಗುವುದಿಲ್ಲವೋ ಅದನ್ನು ಮುಚ್ಚಿ ಪಕ್ಕದ ಕೇಂದ್ರಕ್ಕೆ ಸೇರಿಸುವುದು. ಮರಕ್ಕಡವನ್ನು ಮುಚ್ಚಿದರೆ ಅಲ್ಲಿಯವರು ಹಾಲು ಹೊತ್ತು ಮುಳ್ಳನ್‌ಕೊಲ್ಲಿಯವರೆಗೆ ಹೋಗಬೇಕು. ಆ ಕೇಂದ್ರವನ್ನು ಒಬ್ಬರೇ ನಡೆಸುತ್ತಿರುವ, ನಾನು ಅಕ್ಕ ಎಂದು ಕರೆಯುವ ಹೆಂಗಸಿನ ಕೆಲಸವೂ ಹೋಗುತ್ತದೆ. ಹಾಗಾಗಬಾರದು ಎಂದು ನಾನು ಹಟ ಹಿಡಿದೆ. ಮುಂದಿನದೆಲ್ಲ ಆ ಹಟದ ಫಲ.

ಆಫೀಸಿನ ಮಾತೆಲ್ಲ ಮಲಯಾಳದಲ್ಲಿ ನಡೆದದ್ದು, ಇಲ್ಲಿ ಕನ್ನಡ ಮಾಡಿದ್ದೇನೆ. ಅಕ್ಕ ಮಾತ್ರ ನನ್ನ ಜೊತೆ ಕನ್ನಡವನ್ನೇ ಆಡುತ್ತಾರೆ, ನಡುನಡುವೆ ಮಲಯಾಳ ಬೆರೆಸಿ.

೧. ಬೈಯಲು ಒಂದು ಗುರುತು

ಮರಕ್ಕಡವಿನ ಕಂಪ್ಯೂಟರ್ ಯಾರೋ ಬೇಡವೆಂದು ಕೊಟ್ಟದ್ದು. ಸಂದೇಶ ಕಳಿಸುವ ಯಾವ ಪ್ರೋಗ್ರಾಮೂ ಅದರಲ್ಲಿರಲಿಲ್ಲ. ಹೊಸದಾಗಿ ಇಳಿಸಿಕೊಳ್ಳೋಣವೆಂದರೆ ಅಲ್ಲಿನ ನೆಟ್ಟಿನಲ್ಲಿ ಅರ್ಧ ಇಳಿಯುವಷ್ಟರಲ್ಲಿ ಮಧ್ಯಾಹ್ನದ ಊಟ ಮುಗಿದಿರುತ್ತದೆ, ಮತ್ತೆ ಮೊದಲಿಂದ. ಅದರಲ್ಲಿ ಇದ್ದದ್ದು ಶೆಲ್ ಒಂದೇ. ಶೆಲ್ ಎಂದರೆ ಕಪ್ಪು ಪರದೆ, ಅದರಲ್ಲಿ ನಾವು ಆದೇಶವನ್ನು ಅಕ್ಷರದಲ್ಲಿ ಬರೆದು ಎಂಟರ್ ಒತ್ತಬೇಕು. ಚಿತ್ರಗಿತ್ರ ಇರುವುದಿಲ್ಲ.

ಹುಡುಕುತ್ತ ಹೋದಾಗ ಗೊತ್ತಾಯಿತು, ಬೇರೊಂದು ಕಂಪ್ಯೂಟರಿನ ಜೊತೆ ಸಂಪರ್ಕ ಮಾಡುವ ವಿದ್ಯೆ ಈ ಶೆಲ್ಲಿಗೆ ಹುಟ್ಟಿನಿಂದಲೇ ಇದೆ. ಡೆವ್ ಎಂಬ ಫೋಲ್ಡರಿನಲ್ಲಿ ಟಿಸಿಪಿ ಎಂಬ ಫೋಲ್ಡರ್, ಅದರೊಳಗೆ ಪ್ರಿಂಟರಿನ ವಿಳಾಸ, ಅದರೊಳಗೆ ಒಂದು ಸಂಖ್ಯೆಯೇ ಹೆಸರಾದ ಫೈಲ್ ಇದೆ ಎಂದುಕೊಂಡು, ಆ ಫೈಲಿಗೆ ಬರೆಯಬೇಕು. ಶೆಲ್ ತಾನೇ ಸಂಪರ್ಕ ತೆರೆದು ಬರೆದದ್ದನ್ನು ಅಲ್ಲಿಗೆ ಮುಟ್ಟಿಸುತ್ತದೆ. ನಿಜವಾಗಿ ಅಂಥ ಫೈಲ್ ಎಲ್ಲೂ ಇಲ್ಲ. ಅದು ಶೆಲ್ಲಿಗೆ ಹೇಳುವ ಒಂದು ಗುರುತು, ಅಷ್ಟೇ.

ಇದನ್ನು ನಮ್ಮ ಕಾರ್ಯದರ್ಶಿಗಳಿಗೆ ಸಂಭ್ರಮದಿಂದ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಬಂದರು.

"ಎಲ್ಲಿದೆ, ತೋರಿಸಿ."

"ಸಾರ್, ತೋರಿಸಲು ಆಗುವುದಿಲ್ಲ. ಅದು ಇಲ್ಲ."

"ಇಲ್ಲದ್ದು ಕೆಲಸ ಮಾಡುತ್ತದೆಯಾ?"

"ಮಾಡುತ್ತದೆ ಸಾರ್."

"ಇರುವವರೇ ಮಾಡುವುದಿಲ್ಲ ಇಲ್ಲಿ," ಎಂದು ಅವರು ಆಫೀಸನ್ನೊಮ್ಮೆ ಸುತ್ತ ನೋಡಿದರು. ಎಲ್ಲರೂ ಕಾಗದ ಕೈಗೆತ್ತಿಕೊಂಡರು. ಅವರು ಸ್ವಲ್ಪ ಯೋಚಿಸಿ ಕೇಳಿದರು, "ಕೆಟ್ಟುಹೋದಾಗ ಯಾರನ್ನು ಬೈಯಬೇಕು? ಇಲ್ಲದ್ದನ್ನು ಹೇಗೆ ಬೈಯುವುದು?"

"ನನ್ನನ್ನು ಬೈಯಬಹುದು ಸಾರ್."

"ಹಾಗಿದ್ದರೆ ಅನುಮತಿ ಇದೆ," ಎಂದು ಕನ್ನಡಕ ತೆಗೆದರು.

೨. ಒಂದು ಅಂಕಿಯ ಅಂತರ

ಮೊದಲ ಪರೀಕ್ಷೆಗೆ ನಾನೇ ಮರಕ್ಕಡವಿಗೆ ಹೋದೆ. ಬತ್ತೇರಿಯಿಂದ ಪುಲ್ಪಳ್ಳಿಗೆ ಬಸ್ಸು, ಅಲ್ಲಿಂದ ಜೀಪು. ಅಕ್ಕ ಕ್ಯಾನ್ ತೊಳೆಯುವುದನ್ನು ಬಿಟ್ಟು ಒದ್ದೆ ಕೈಯಲ್ಲೇ ಬಂದು ನನ್ನ ಹಿಂದೆ ನಿಂತರು. ವ್ಯಾನ್ ಶೆಡ್ಡಿನ ಪ್ರಿಂಟರಿಗೆ ಒಂದು ಸಾಲು ಕಳಿಸಿದೆ. ಇಂಗ್ಲಿಷ್ ಅಕ್ಷರದಲ್ಲೇ ಕಳಿಸಬೇಕು, ಏಕೆಂದರೆ ಆ ಪ್ರಿಂಟರಿಗೆ ಬೇರೆ ಅಕ್ಷರ ಬಾರದು. ಭಾಷೆ ಮಲಯಾಳವೇ. "ಕೇಳಿಸುತ್ತಿದೆಯಾ?" ಎಂದು ಬರೆದಿದ್ದೆ.

ವ್ಯಾನ್ ಡ್ರೈವರಿಗೆ ಫೋನ್ ಮಾಡಿದೆ. "ಚೀಟಿ ಬಂತಾ?" "ಏನೂ ಬಂದಿಲ್ಲ," ಎಂದ.

ಮತ್ತೆ ಕಳಿಸಿದೆ. ಇಲ್ಲ. ಮತ್ತೆ. ಇಲ್ಲ. ಹತ್ತು ಹನ್ನೆರಡು ಸಲ ಆದ ಮೇಲೆ ನನ್ನ ತಾಳ್ಮೆ ಹೋಯಿತು. "ಯಾರಾದರೂ ಇದ್ದೀರಾ?" ಎಂದು ಕಳಿಸಿದೆ. ಆಮೇಲೆ "ನನ್ನ ಜೀವನ ಹೀಗೇ ಮುಗಿಯುತ್ತದೆಯೇ?" ಎಂದು. ಯಾರೂ ಓದುವುದಿಲ್ಲ ಎಂಬ ಧೈರ್ಯ. ಕೊನೆಗೆ "ದೇವರೇ, ಒಮ್ಮೆಯಾದರೂ ಉತ್ತರ ಕೊಡು" ಎಂದು ಕಳಿಸಿ ಕಂಪ್ಯೂಟರ್ ಆರಿಸಿದೆ.

ವಿಳಾಸದ ಕೊನೆಯ ಅಂಕಿಯನ್ನು ನಾನು ತಪ್ಪಾಗಿ ಬರೆದಿದ್ದೆ. ನಾಲ್ಕು ಬರೆಯುವಲ್ಲಿ ಐದು. ಐದು ಎಂದರೆ ಅಧ್ಯಕ್ಷರ ಕೊಠಡಿಯ ಪ್ರಿಂಟರ್. ಪಶುವೈದ್ಯರ ಜೊತೆ ಅವರು ಮಾತಾಡುತ್ತಿದ್ದಾಗ ಪಕ್ಕದಲ್ಲಿ ಒಂದೊಂದೇ ಹಾಳೆ ಹೊರಬರುತ್ತಿತ್ತಂತೆ.

ಮರುದಿನ ಆಫೀಸಿಗೆ ಹೋದಾಗ ಆ ಹಾಳೆಗಳೆಲ್ಲ ನನ್ನ ಮೇಜಿನ ಮೇಲೆ ಜೋಡಿಸಿ ಇಟ್ಟಿದ್ದವು. ಅಧ್ಯಕ್ಷರು ಕ್ರಮದ ಮನುಷ್ಯರು. ಬಂದ ಪ್ರತಿ ಕಾಗದಕ್ಕೂ ಉತ್ತರ ಬರೆಯುವುದು ಅವರ ಪದ್ಧತಿ. ಪ್ರತಿ "ಕೇಳಿಸುತ್ತಿದೆಯಾ"ದ ಕೆಳಗೂ ಹಸಿರು ಇಂಕಿನಲ್ಲಿ "ಕೇಳಿಸುತ್ತಿದೆ" ಎಂದು ಬರೆದು ಸಹಿ ಮಾಡಿದ್ದರು. ಜೀವನದ ಪ್ರಶ್ನೆಯ ಕೆಳಗೆ "ಕಾರ್ಯದರ್ಶಿಯವರ ಅಭಿಪ್ರಾಯ ಕೇಳಿ" ಎಂದಿತ್ತು. ದೇವರಿಗೆ ಬರೆದದ್ದರ ಕೆಳಗೆ, "ಇದು ಅಧ್ಯಕ್ಷರ ಕೊಠಡಿ. ತಪ್ಪು ವಿಳಾಸ. ಹಿಂತಿರುಗಿಸಲಾಗಿದೆ."

೩. ಗಡಿ ದಾಟಿದ ಯಂತ್ರ

ವಿಳಾಸ ಸರಿಮಾಡಿದ ಮೇಲೆ ಚೀಟಿ ಶೆಡ್ಡಿಗೆ ಹೋಗತೊಡಗಿತು. ಎರಡು ದಿನ ಹೋಯಿತು. ಮೂರನೇ ದಿನ ನಿಂತಿತು.

ಕಾರಣ ಹೇಳುತ್ತೇನೆ. ಮರಕ್ಕಡವಿನ ನೆಟ್ಟು ಒಂದು ಡಾಂಗಲ್ಲಿನಿಂದ ಬರುತ್ತದೆ, ಅಂದರೆ ಸಿಮ್ ಹಾಕಿದ ಒಂದು ಕಡ್ಡಿ. ಮೋಡ ಮುಚ್ಚಿದ ದಿನ ಅದು ನಮ್ಮ ಟವರನ್ನು ಬಿಟ್ಟು ಹೊಳೆಯಾಚೆಯ ಟವರನ್ನು ಹಿಡಿಯುತ್ತದೆ. ಆಗ ನಮ್ಮ ಆಫೀಸಿನ ದಾರಿ ಅದಕ್ಕೆ ಸಿಗುವುದಿಲ್ಲ. ಶೆಲ್ಲಿನ ಈ ಹುಟ್ಟುವಿದ್ಯೆಯಲ್ಲಿ ಇನ್ನೊಂದು ಕೊರತೆ ಇದೆ. ಉತ್ತರ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂದು ಹೇಳಲು ಅದರಲ್ಲಿ ಜಾಗವೇ ಇಲ್ಲ. ಸುಮ್ಮನೆ ಕಾಯುತ್ತ ಕೂರುತ್ತದೆ.

ಅಕ್ಕ ಫೋನ್ ಮಾಡುತ್ತಿದ್ದರು. "ಮೋಳೇ," ಎನ್ನುತ್ತಿದ್ದರು. ಮಗಳೇ ಎಂದು ಅರ್ಥ. "ಮೋಳೇ, ನಾನು ಎಲ್ಲಾ ಕ್ಯಾನ್ ತೊಳೆದು ಕವುಚಿ ಹಾಕಿ ಬಂದೆ. ಅದು ಇನ್ನೂ ಆಲೋಚನೆ ಮಾಡ್ತಾ ಉಂಟು."

"ಡಾಂಗಲ್ಲನ್ನು ಸ್ವಲ್ಪ ಈಚೆ ತಿರುಗಿಸಿ ಅಕ್ಕ."

"ತಿರುಗಿಸಿ ತಿರುಗಿಸಿ ಅದಕ್ಕೆ ತಲೆ ಸುತ್ತು ಬಂದಿರಬೇಕು."

ಪ್ರತಿ ಕೇಂದ್ರದಲ್ಲೂ ಒಂದು ದೂರು ಪುಸ್ತಕ ಇರುತ್ತದೆ. ಯಂತ್ರ ಕೆಟ್ಟರೆ ಅದರಲ್ಲಿ ಬರೆಯಬೇಕು, ಸಮಿತಿ ಅದನ್ನು ತರಿಸಿ ಓದುತ್ತದೆ. ನಾನು ಅಕ್ಕನಿಗೆ ಟವರಿನ ವಿಷಯ ವಿವರಿಸಿದ್ದೆ, ನನ್ನ ಅಭ್ಯಾಸದಂತೆ ಸ್ವಲ್ಪ ಹೆಚ್ಚಾಗಿಯೇ. ಅವರು ನಿಯತ್ತಿನವರು, ಅರ್ಥವಾದದ್ದನ್ನು ಹಾಗೇ ಬರೆದರು: "ಇವತ್ತು ಯಂತ್ರ ಕರ್ನಾಟಕಕ್ಕೆ ಹೋಗಿದೆ. ಬಿಸಿಲು ಬಂದರೆ ಬರುತ್ತದೆ." ಮರುದಿನ: "ಇವತ್ತೂ ಅಲ್ಲೇ ಇದೆ."

ಸಮಿತಿಯಲ್ಲಿ ಕಾರ್ಯದರ್ಶಿಗಳು ಇದನ್ನು ಗಟ್ಟಿಯಾಗಿ ಓದಿದರು. ಮರಕ್ಕಡವಿಗೆ ಒಂದು ತಿಂಗಳ ಗಡುವು ಕೊಟ್ಟರು. ತಿಂಗಳಿಡೀ ದೂರು ಪುಸ್ತಕದಲ್ಲಿ ಒಂದೂ ದೂರು ಇರಬಾರದು, ಇದ್ದರೆ ಕೇಂದ್ರ ಮುಚ್ಚುವುದು. ನಾನು ಹೊರಡುವಾಗ ಕಾರ್ಯದರ್ಶಿಗಳು ನನ್ನನ್ನು ಕರೆದು ತಗ್ಗಿದ ದನಿಯಲ್ಲಿ ಕೇಳಿದರು: "ಸಂಘದ ಸೊತ್ತು ಬೇರೆ ರಾಜ್ಯಕ್ಕೆ ಹೋಗುವಾಗ ಜೊತೆಗೆ ಯಾರಾದರೂ ಹೋಗಿದ್ದರೋ, ಒಂದೇ ಹೋಯಿತೋ?"

೪. ದೂರಿಲ್ಲದ ತಿಂಗಳು

ಗಡುವು ಶುರುವಾಗುವ ಮುನ್ನ ನಾನು ಮರಕ್ಕಡವಿಗೆ ಹೋಗಿ ಡಾಂಗಲ್ಲನ್ನು ನಮ್ಮ ಟವರಿನ ಕಡೆಯ ಕಿಟಕಿಗೆ ಕಟ್ಟಿದೆ. ಅಕ್ಕನಿಗೆ ಕಪ್ಪು ಪರದೆಯಲ್ಲಿ ಬರೆಯುವ ಕಷ್ಟ ಬೇಡವೆಂದು ಪರದೆಯ ಮೇಲೆ ಒಂದು ಗುಂಡಿ ಮಾಡಿಕೊಟ್ಟೆ. ಕ್ಯಾನ್ ಎಷ್ಟೆಂದು ಟೈಪ್ ಮಾಡಿ ಗುಂಡಿ ಒತ್ತಿದರೆ ಸಾಕು, ಆದೇಶ ತಾನೇ ಹೋಗಬೇಕು.

ಮರುದಿನ ಬೆಳಿಗ್ಗೆ ಅಕ್ಕನ ಫೋನ್. "ಮೋಳೇ, ಗುಂಡಿ ಒತ್ತಿದರೆ 'ಅಂಥ ಫೈಲ್ ಅಥವಾ ಫೋಲ್ಡರ್ ಇಲ್ಲ' ಅಂತ ಬರ್ತದೆ. ಪುಸ್ತಕದಲ್ಲಿ ಬರೀಲಾ?"

"ಬರೀಬೇಡಿ ಅಕ್ಕ! ನಾಳೆ ಬರ್ತೀನಿ."

ಮರುದಿನ ನಾನು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗಲೇ ಮತ್ತೆ ಫೋನ್ ಬಂತು. "ಬರಬೇಡ ಮೋಳೇ. ಶರಿಯಾಯ್ತು."

ಸರಿಹೋದದ್ದನ್ನು ಏಕೆ ಸರಿಹೋಯಿತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಮನೆಗೆ ವಾಪಸು ಬಂದೆ. ದಿನಗಳು ಹೋದವು, ಒಂದೂ ದೂರಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ನಾನು ಹೊಟ್ಟೆ ತುಂಬ ಊಟ ಮಾಡಿದೆ. ಅಮ್ಮ ಬಂದವರಿಗೆಲ್ಲ "ಇವಳು ಮರಕ್ಕಡವನ್ನು ಸರಿ ಮಾಡಿದಳು" ಎಂದು ಹೇಳಿಕೊಂಡರು.

ಗಡುವು ಮುಗಿದ ಮೇಲೆ ಸಮಿತಿಯ ಸಭೆಗೆ ಅಕ್ಕನನ್ನು ದೂರು ಪುಸ್ತಕದ ಸಮೇತ ಕರೆತರಲು ಹೋದೆ. ಅವರು ಸೀರೆ ಉಡುತ್ತಿದ್ದರು. ಸುಮ್ಮನೆ ಇರಲಾರದೆ ಕಂಪ್ಯೂಟರ್ ನೋಡಿದೆ. ಡೆವ್ ಫೋಲ್ಡರಿನಲ್ಲಿ ನಿಜವಾಗಿಯೂ ಟಿಸಿಪಿ ಎಂಬ ಫೋಲ್ಡರ್ ಇತ್ತು. ಅದರೊಳಗೆ ಪ್ರಿಂಟರಿನ ವಿಳಾಸ. ಅದರೊಳಗೆ ಫೈಲ್. ತೆರೆದೆ. "ಮರಕ್ಕಡವು, ಆರು ಕ್ಯಾನ್."

ಏನಾಗಿತ್ತೆಂದರೆ, ಆ ಯಂತ್ರದಲ್ಲಿ ಎರಡು ಶೆಲ್ ಇವೆ. ದೊಡ್ಡದಕ್ಕೆ ಸಂಪರ್ಕದ ವಿದ್ಯೆ ಗೊತ್ತು. ಚಿಕ್ಕದು ಮುಗ್ಧ, ಫೈಲ್ ಎಂದರೆ ಫೈಲನ್ನೇ ಹುಡುಕುತ್ತದೆ. ನಾನು ಮಾಡಿದ ಗುಂಡಿ ಚಿಕ್ಕದನ್ನು ಕರೆಯುತ್ತಿತ್ತು. ಅದು ಫೈಲ್ ಇಲ್ಲ ಎಂದಿತು. ಅದೇ ದಿನ ತಪಾಸಣೆಗೆ ಬಂದಿದ್ದ ನಮ್ಮ ಹಿರಿಯ ಗುಮಾಸ್ತರು ಅದನ್ನು ಓದಿ, ಕೇಳಿದ ಫೈಲನ್ನು ಮಾಡಿಕೊಟ್ಟಿದ್ದರು. ಯಾರು ಏನು ಬೇಕಾದರೂ ಮಾಡಬಹುದಾದ ಹಾಗೆ ಯಂತ್ರವನ್ನು ಬಿಟ್ಟಿದ್ದವಳು ನಾನೇ. ಫೈಲ್ ಸಿಕ್ಕ ಮೇಲೆ ಚಿಕ್ಕ ಶೆಲ್ ತೃಪ್ತಿಯಿಂದ ದಿನಾ ಅದರಲ್ಲಿ ಬರೆಯುತ್ತಿತ್ತು. ಬತ್ತೇರಿಗೆ ಒಂದಕ್ಷರ ಹೋಗಿರಲಿಲ್ಲ.

"ಕರೆಂಟು ಹೋಗಿ ಬಂದರೆ ಆ ಫೈಲ್ ಮಾಯ ಆಗ್ತದೆ ಮೋಳೇ," ಎಂದರು ಅಕ್ಕ, ಸೆರಗಿಗೆ ಪಿನ್ನು ಹಾಕುತ್ತ. "ಗುಮಾಸ್ತರು ಕಲಿಸಿಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ ದೀಪ ಹಚ್ಚಿ, ಫೈಲ್ ಮಾಡಿ, ಆಮೇಲೇ ಹಾಲಿಗೆ ಕೂರೋದು."

"ಮತ್ತೆ ವ್ಯಾನ್ ಹೇಗೆ ಬರ್ತಿತ್ತು ಅಕ್ಕ?"

"ಡ್ರೈವರಿಗೆ ಮಿಸ್ಡ್ ಕಾಲ್. ಒಂದು ಕ್ಯಾನಿಗೆ ಒಂದು. ಆರು ಕ್ಯಾನ್ ಇದ್ದರೆ ಆರು ಸಲ. ಯಾವ ಟವರ್ ಆದರೂ ಹೋಗ್ತದೆ. ನೀನು ಕೆಲಸಕ್ಕೆ ಸೇರೋ ಮೊದಲಿಂದಲೂ ಹಾಗೇ."

"ಹಾಗಾದರೆ ಈ ಗುಂಡಿ ಯಾಕೆ ಒತ್ತುತ್ತಿದ್ದಿರಿ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಒತ್ತದಿದ್ದರೆ ನಿನ್ನ ಕೆಲಸ ಹೋಗ್ತದಲ್ಲ, ಪಾಪ."

ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತ ಬಂದೆ. ಸತ್ಯ ಹೇಳಿದರೆ ಅಕ್ಕನ ಕೇಂದ್ರ ಹೋಗುತ್ತದೆ. ಹೇಳದಿದ್ದರೆ ನನ್ನ ನಿದ್ದೆ ಹೋಗುತ್ತದೆ. ಸಭೆಯಲ್ಲಿ ಖಾಲಿ ದೂರು ಪುಸ್ತಕವನ್ನು ಅಧ್ಯಕ್ಷರು ಪುಟ ಪುಟ ತಿರುವಿ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತೆ. ಅಕ್ಕ ನನ್ನ ಶಾಲು ಹಿಡಿದು ಎಳೆದು, "ಮಿಂಡಬೇಡ, ಕೂತ್ಕೊ," ಎಂದು ಪಿಸುಗುಟ್ಟಿದರು. ಮಿಂಡಬೇಡ ಎಂದರೆ ಬಾಯಿ ಬಿಡಬೇಡ. ಆದರೂ ಎಲ್ಲವನ್ನೂ ಹೇಳಿಬಿಟ್ಟೆ. ಎರಡು ಶೆಲ್ಲಿನ ಭೇದವನ್ನೂ ಬಿಡದೆ ವಿವರಿಸಿದೆ. ಚೀಟಿಗಳು ಬಂದೇ ಇಲ್ಲ ಎಂದೆ.

ಅಧ್ಯಕ್ಷರು ಬಾಗಿಲ ಬಳಿ ನಿಂತಿದ್ದ ಡ್ರೈವರಿನ ಕಡೆ ತಿರುಗಿದರು. "ಚೀಟಿ ಬರುತ್ತಿಲ್ಲ ಎಂದು ಯಾಕೆ ಹೇಳಲಿಲ್ಲ?"

"ಕಾಗದ ಉಳಿಸುವ ಹೊಸ ವಿಧಾನ ಅಂದುಕೊಂಡೆ ಸಾರ್."

"ವ್ಯಾನ್ ದಿನಾ ಹೋಯಿತಾ?"

"ಹೋಯಿತು."

"ಹಾಲು ಒಡೆಯಿತಾ?"

"ಒಂದು ತೊಟ್ಟೂ ಇಲ್ಲ."

ಅವರು ಗುಮಾಸ್ತರನ್ನು ನೋಡಿದರು. ಗುಮಾಸ್ತರು ಅಂಗಿ ಸರಿಮಾಡಿಕೊಂಡು ಎದ್ದರು. "ಫೈಲ್ ಇಲ್ಲ ಎಂದು ಬರೆದು ಬಂದರೆ ಫೈಲ್ ತೆರೆಯಬೇಕು ಸಾರ್. ಸರ್ವೀಸಿಗೆ ಸೇರಿದ ದಿನದಿಂದ ನಾನು ಅದನ್ನೇ ಮಾಡುತ್ತಿದ್ದೇನೆ."

ಸಭೆ ತಲೆದೂಗಿತು. ಅಲ್ಲೇ ನಿರ್ಣಯವಾಯಿತು. ಮರಕ್ಕಡವು ಕೇಂದ್ರ ಮುಂದುವರಿಯುತ್ತದೆ. ಅಕ್ಕ ಮುಖ ಮುಚ್ಚಿಕೊಂಡು ಅತ್ತರು, ಆಮೇಲೆ ನಕ್ಕರು. ನನಗೂ ಕಣ್ಣು ತುಂಬಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ನಗುತ್ತಿದ್ದೆ.

ಆದರೆ ನಿರ್ಣಯಕ್ಕೆ ಎರಡನೇ ಭಾಗ ಇತ್ತು. ಇಷ್ಟು ಯಶಸ್ವಿಯಾದ ಈ ಫೈಲನ್ನು ಮುಳ್ಳನ್‌ಕೊಲ್ಲಿ ಮೊದಲ್ಗೊಂಡು ಎಲ್ಲ ಕೇಂದ್ರಗಳಲ್ಲೂ ನಾನು ಮಾಡಿಕೊಡಬೇಕು. ಅಲ್ಲೆಲ್ಲ ಸಂದೇಶಗಳು ಇಂದಿನವರೆಗೆ ಸರಿಯಾಗಿಯೇ ಹೋಗುತ್ತಿವೆ. ನನಗೆ ಈ ಕೆಲಸದಲ್ಲಿ ಅನುಭವ ಸಾಲದು ಎಂದು ಕಂಡುಬಂದದ್ದರಿಂದ ಗುಮಾಸ್ತರೇ ನನಗೆ ತರಬೇತಿ ಕೊಡುತ್ತಾರೆ. ಸೋಮವಾರ ಹತ್ತು ಗಂಟೆಗೆ ಮೊದಲ ಪಾಠ. ಮೌಸನ್ನು ಹೇಗೆ ಹಿಡಿಯಬೇಕು ಎಂಬಲ್ಲಿಂದ ಶುರುಮಾಡೋಣ, ಹೆದರಬೇಡ ಎಂದು ಅವರು ಹೇಳಿಕಳಿಸಿದ್ದಾರೆ.